ಗಾಡಿಗೆ ವಯಸ್ಸಾಗುವುದು ಬುಷ್‌ನಲ್ಲಿ

ದೆಹಲಿ ಸುತ್ತಮುತ್ತ ಇರುವ ನಾವು ಗಾಡಿಯ ಆಯುಸ್ಸನ್ನು ಕ್ಯಾಲೆಂಡರ್ ನೋಡಿ ಹೇಳುತ್ತೇವೆ. ಡೀಸೆಲ್ ಆದರೆ ಹತ್ತು ವರ್ಷ, ಪೆಟ್ರೋಲ್ ಆದರೆ ಹದಿನೈದು. ಊರಿನಲ್ಲಿ ಹಾಗಲ್ಲ. ಸುಳ್ಯದ ಕಡೆ ತೋಟದ ಜೀಪಿಗೆ ಎಷ್ಟು ವರ್ಷವಾಯಿತು ಎಂದು ಕೇಳಿ ನೋಡಿ, ಯಜಮಾನರು ಕಪಾಟಿನಲ್ಲಿ ಆರ್‌ಸಿ ಹುಡುಕಬೇಕಾಗುತ್ತದೆ. ಅದರ ಸ್ಟೇರಿಂಗ್ ಎಷ್ಟು ಆಡುತ್ತದೆ, ಯಾವ ಗೇರು ಎಲ್ಲಿ ಸಿಕ್ಕಿಕೊಳ್ಳುತ್ತದೆ, ಮುಂದಿನ ಬಲಗಾಲು ಯಾವ ತಿರುವಿನಲ್ಲಿ ಕೂಗುತ್ತದೆ ಎಂಬುದೆಲ್ಲ ಮಾತ್ರ ಬಾಯಿಪಾಠ. ಹದಿನೈದು ವರ್ಷ ತುಂಬಿದರೆ ಆರ್‌ಟಿಒ ಮುಂದೆ ನಿಲ್ಲಿಸಿ, ಹಸಿರು ತೆರಿಗೆ ಕಟ್ಟಿ, ಮತ್ತೆ ಐದು ವರ್ಷಕ್ಕೆ ಬರೆಸಿಕೊಂಡು ಬರುತ್ತಾರೆ.

ಇಲ್ಲಿಯ ಲೆಕ್ಕ ಶುರುವಾದದ್ದು 2015ರ ಏಪ್ರಿಲ್‌ನಲ್ಲಿ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಆದೇಶದಿಂದ. 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಮುದ್ರೆ ಒತ್ತಿತು. 2025ರ ಜುಲೈ 1ರಿಂದ ದೆಹಲಿಯ ಬಂಕ್‌ಗಳಲ್ಲಿ ಹಳೆಯ ಗಾಡಿಗೆ ಎಣ್ಣೆಯೇ ಇಲ್ಲ ಎಂದರು. ಕೆಲವೇ ದಿನಗಳಲ್ಲಿ ಆ ಆದೇಶ ಹಿಂದೆ ಸರಿಯಿತು. ಆಗಸ್ಟ್ 12ರಂದು ಸುಪ್ರೀಂ ಕೋರ್ಟ್, ವಯಸ್ಸೊಂದನ್ನೇ ಹಿಡಿದು ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಎಂದಿತು. ಡಿಸೆಂಬರ್‌ನಲ್ಲಿ ಆ ರಕ್ಷಣೆಯನ್ನು ಬಿಎಸ್-4 ಮತ್ತು ಅದಕ್ಕಿಂತ ಹೊಸ ಮಾನದಂಡದ ಗಾಡಿಗಳಿಗಷ್ಟೇ ಉಳಿಸಿತು. ಅಂದರೆ ಎಚ್‌ಆರ್-51 ನಂಬರಿನ, 2017ರಲ್ಲಿ ಕೊಂಡ, ಬಿಎಸ್-4 ಡೀಸೆಲ್ ಪಿಕಪ್ ಇಟ್ಟುಕೊಂಡಿರುವ ನನ್ನಂಥವನು ಸದ್ಯಕ್ಕೆ ಉಸಿರಾಡಬಹುದು. ಸದ್ಯಕ್ಕೆ ಮಾತ್ರ. ಮುಂದಿನ ವಿಚಾರಣೆ ಏನು ಹೇಳುತ್ತದೋ ಅಲ್ಲಿಯವರೆಗೆ.

ಈ 'ಸದ್ಯಕ್ಕೆ' ಎಂಬ ಪದ ಗಾಡಿಯ ಅಡಿಭಾಗಕ್ಕೆ ಏನು ಮಾಡುತ್ತದೆ ಎಂಬುದೇ ನನ್ನ ಇವತ್ತಿನ ವಿಷಯ.

ಕಳೆದ ಮಳೆಗಾಲದ ನಂತರ ನನ್ನ ಪಿಕಪ್‌ನ ಮುಂಭಾಗದಲ್ಲಿ ಒಂದು ಸದ್ದು ಶುರುವಾಯಿತು. ಬಾಟಾ ಚೌಕದಿಂದ ಹಾರ್ಡ್‌ವೇರ್ ಚೌಕದ ಕಡೆಗೆ ಹೋಗುವ ರಸ್ತೆಯ ಗುಂಡಿಗಳಲ್ಲಿ 'ಟಕ್' ಎಂದು ಒಂದೇ ಪೆಟ್ಟು. ಬ್ರೇಕ್ ಒತ್ತಿದಾಗ ಗಾಡಿ ಸ್ವಲ್ಪ ಎಡಕ್ಕೆ ವಾಲುವುದು, ಮುಂದಿನ ಟೈರುಗಳ ಒಳ ಅಂಚು ಮಾತ್ರ ಸವೆಯುವುದು, ವೀಲ್ ಅಲೈನ್‌ಮೆಂಟ್ ಮಾಡಿಸಿದರೆ ತಿಂಗಳೊಳಗೆ ಮತ್ತೆ ಅದೇ ಕತೆ. ಸರ್ವಿಸ್ ಸೆಂಟರಿನ ಸಲಹೆಗಾರ ಕೆಳಗೆ ಟಾರ್ಚು ಬಿಟ್ಟು ನೋಡಿ, ಎರಡೂ ಕಡೆಯ ಲೋವರ್ ಆರ್ಮ್ ಬದಲಿಸಬೇಕು, ಕೂಲಿ ತೆರಿಗೆ ಎಲ್ಲ ಸೇರಿ ಇಪ್ಪತ್ತನಾಲ್ಕು ಸಾವಿರ ಎಂದ. ಆರ್ಮಿಗೆ ಏನಾಗಿದೆ ಎಂದೆ. ಆರ್ಮಿಗೆ ಏನೂ ಆಗಿಲ್ಲ, ಬುಷ್ ಹೋಗಿದೆ ಎಂದ. ಹಾಗಾದರೆ ಬುಷ್ ಹಾಕಿ ಎಂದೆ. ಬುಷ್ ಬೇರೆಯಾಗಿ ಬರುವುದಿಲ್ಲ, ಆರ್ಮಿನ ಜೊತೆಗೇ ಬರುತ್ತದೆ ಎಂದ. ಕೊನೆಗೆ ದನಿ ತಗ್ಗಿಸಿ, ಹಿತೈಷಿಯಂತೆ ಇನ್ನೊಂದು ಮಾತು ಸೇರಿಸಿದ: 'ಸರ್, ಗಾಡಿಗೆ ಹತ್ತು ವರ್ಷ ಆಗುತ್ತಾ ಬಂತು. ಯಾಕೆ ದುಡ್ಡು ಹಾಕುತ್ತೀರಿ? ಹೀಗೇ ಓಡಿಸಿ, ಆಮೇಲೆ ತೆಗೆದುಬಿಡಿ.'

ಒಂದೇ ಉಸಿರಿನಲ್ಲಿ ಎರಡು ಸಲಹೆ. ಒಂದು, ಇನ್ನೂರು ಗ್ರಾಮ್ ರಬ್ಬರಿಗಾಗಿ ಕೆಲವು ಕಿಲೋ ಒಳ್ಳೆಯ ಉಕ್ಕನ್ನು ಗುಜರಿಗೆ ಹಾಕಿ. ಇನ್ನೊಂದು, ಏನನ್ನೂ ಮಾಡದೆ ಬ್ರೇಕ್ ಹಿಡಿದಾಗ ಎಡಕ್ಕೆ ಎಳೆಯುವ ಎರಡು ಟನ್ನಿನ ಗಾಡಿಯನ್ನು ಮಥುರಾ ರಸ್ತೆಯಲ್ಲಿ ಓಡಿಸುತ್ತಿರಿ. ಎರಡರ ನಡುವೆ ಇರುವ ಸಾಧಾರಣ ದಾರಿ, ಸವೆದದ್ದನ್ನಷ್ಟೇ ಬದಲಿಸುವುದು, ಅವನ ಪಟ್ಟಿಯಲ್ಲೇ ಇರಲಿಲ್ಲ. ಅವನನ್ನು ಬೈದು ಪ್ರಯೋಜನವಿಲ್ಲ. ಅವನ ಮುಂದಿನ ಪರದೆಯಲ್ಲಿ ಬುಷ್‌ಗೆ ನಂಬರೇ ಇಲ್ಲ.

ಬುಷ್ ಎಂದರೆ ಏನು ಎಂದು ಗೊತ್ತಿಲ್ಲದವರಿಗೆ ಹೇಳುವುದಾದರೆ, ಅದೊಂದು ಸಣ್ಣ ಉರುಳೆ. ಒಳಗೊಂದು ಉಕ್ಕಿನ ಕೊಳವೆ, ಹೊರಗೊಂದು ಉಕ್ಕಿನ ಬಳೆ, ನಡುವೆ ಎರಡಕ್ಕೂ ಅಂಟಿ ಬೆಂದ ರಬ್ಬರ್. ಮೆಕ್ಯಾನಿಕ್‌ಗಳ ಬಾಯಲ್ಲಿ 'ಸೈಲೆಂಟ್ ಬ್ಲಾಕ್'. ಚಕ್ರವನ್ನು ಹಿಡಿದಿರುವ ಆರ್ಮು ಚಾಸಿಸ್ಸಿಗೆ ಸೇರುವ ಕೀಲಿನಲ್ಲಿ ಇದು ಕೂತಿರುತ್ತದೆ. ನಮ್ಮ ಮೊಣಕಾಲಿನ ಮೃದ್ವಸ್ಥಿ ಇದ್ದ ಹಾಗೆ ಅನ್ನಬಹುದು, ಆದರೆ ಒಂದು ವ್ಯತ್ಯಾಸವಿದೆ. ಮೊಣಕಾಲು ಜಾರುತ್ತದೆ, ಈ ಬುಷ್ ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ಗುಂಡಿಗಿಳಿದಾಗ ರಬ್ಬರ್ ಒಂದಿಷ್ಟು ತಿರುಚಿ, ಮೇಲೆದ್ದಾಗ ತನ್ನ ಜಾಗಕ್ಕೆ ಮರಳುತ್ತದೆ. ಲಕ್ಷಾಂತರ ಸಲ. ಈ ವಿಷಯ ನೆನಪಿಡಿ, ಮುಂದೆ ಬೇಕಾಗುತ್ತದೆ.

ನನಗೆ ಈ ರಬ್ಬರಿನ ಸಂಬಂಧ ಎರಡು ಕಡೆಯದು. ಹೊಟ್ಟೆಪಾಡಿಗೆ ಇಲ್ಲಿಯ ಒಂದು ರಬ್ಬರ್ ಬಿಡಿಭಾಗಗಳ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿದ್ದೇನೆ. ರಬ್ಬರ್ ಎಳೆದು, ಹಿಂಡಿ, ಬೇಯಿಸಿ, ಯಾವಾಗ ಹರಿಯುತ್ತದೆ ಎಂದು ನೋಡುವುದೇ ಕೆಲಸ. ಹುಟ್ಟಿದ್ದು ರಬ್ಬರ್ ಮರಗಳ ನಡುವೆ. ಸುಳ್ಯ, ಪುತ್ತೂರುಗಳಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿವೆ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳಿಗೆ ಅಲ್ಲಿ ಟ್ಯಾಪಿಂಗ್ ಕೆಲಸ ಸಿಕ್ಕಿತು. ಮನೆಯ ಸಣ್ಣ ತೋಟದಲ್ಲಿ ಹಾಲಿಗೆ ಆಸಿಡ್ ಹಾಕಿ ಹೆಪ್ಪುಗಟ್ಟಿಸಿ, ರೋಲರಿನಲ್ಲಿ ಒತ್ತಿ, ಹೊಗೆಗೂಡಿನಲ್ಲಿ ಶೀಟು ಒಣಗಿಸುವ ವಾಸನೆ ಇವತ್ತಿಗೂ ಮೂಗಿನಲ್ಲಿದೆ. ಕೃತಕ ರಬ್ಬರುಗಳು ಎಷ್ಟೇ ಬಂದಿದ್ದರೂ ಸಸ್ಪೆನ್ಷನ್ ಬುಷ್‌ಗೆ ಇವತ್ತಿಗೂ ಮೊದಲ ಆಯ್ಕೆ ಮರದ ಹಾಲಿನಿಂದಾದ ಈ ನೈಸರ್ಗಿಕ ರಬ್ಬರೇ. ಮತ್ತೆ ಮತ್ತೆ ತಿರುಚಿದರೂ ಹರಿಯದ ಗುಣ ಅದಕ್ಕಿದೆ.

ಅದಕ್ಕೆ ಶತ್ರುಗಳು ಮೂರು: ಶಾಖ, ಎಣ್ಣೆ, ಓಝೋನ್. ಎಂಜಿನ್ನಿನ ಎಣ್ಣೆ ಸೋರಿ ಬಿದ್ದರೆ ಅದು ಉಬ್ಬಿ ಮೆತ್ತಗಾಗುತ್ತದೆ. ಓಝೋನ್ ಎಳೆತದಲ್ಲಿರುವ ರಬ್ಬರಿನ ಮೇಲ್ಮೈಯನ್ನು ಬ್ಲೇಡಿನಲ್ಲಿ ಗೀರಿದಂತೆ ಸಣ್ಣ ಸಣ್ಣ ಬಿರುಕುಗಳಾಗಿ ಸೀಳುತ್ತದೆ. ಗಾಡಿಗಳ ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡುಗಳು ಬಿಸಿಲಿಗೆ ಬೆಂದು ನೆಲಮಟ್ಟದಲ್ಲಿ ಓಝೋನ್ ಆಗುತ್ತವೆ, ಉತ್ತರ ಭಾರತದ ಬೇಸಿಗೆಯಲ್ಲಿ ಧಾರಾಳವಾಗಿ. ನಮ್ಮ ಹೊಗೆ ನಮ್ಮ ಗಾಡಿಯ ಕೀಲನ್ನೇ ತಿನ್ನುತ್ತದೆ. ಶ್ವಾಸಕೋಶದ ಸುದ್ದಿ ಎಲ್ಲರೂ ಬರೆಯುತ್ತಾರೆ, ಬುಷ್ ಬಗ್ಗೆ ಬರೆಯುವವರಿಲ್ಲ.

ಬುಷ್ ಬೇರೆಯಾಗಿ ಬರುವುದಿಲ್ಲ ಎಂಬ ಮಾತು ಅರ್ಧ ಸತ್ಯ. ಕಂಪನಿಯ ಪೊಟ್ಟಣದಲ್ಲಿ ಬರುವುದಿಲ್ಲ, ಅಷ್ಟೇ. ಅದೇ ಬುಷ್ ಮಾಡುವ ಕಾರ್ಖಾನೆಗಳು ದೆಹಲಿ ಸುತ್ತಲೇ ಇವೆ. ಕಾಶ್ಮೀರಿ ಗೇಟಿನ ಬಿಡಿಭಾಗಗಳ ಮಾರುಕಟ್ಟೆಯಲ್ಲಿ, ಅಂದರೆ ನಮ್ಮ ಬೆಂಗಳೂರಿನ ಜೆಸಿ ರಸ್ತೆಯ ಅಣ್ಣನಂಥ ಜಾಗದಲ್ಲಿ, ಎರಡೂ ಕಡೆಗೆ ಬೇಕಾದ ನಾಲ್ಕು ಬುಷ್‌ಗಳ ಸೆಟ್ ನನಗೆ ಸಿಕ್ಕಿದ್ದು ಎರಡು ಸಾವಿರದ ಆರುನೂರು ರೂಪಾಯಿಗೆ. ಅಂಗಡಿಯವನು ಮೂರು ದರ್ಜೆ ತೋರಿಸಿದ. ಅತಿ ಅಗ್ಗದ್ದನ್ನು ಉಗುರಿನಿಂದ ಒತ್ತಿದರೆ ಗುರುತು ಉಳಿಯುತ್ತಿತ್ತು. ಅದು ಮರುಬಳಕೆಯ ಪುಡಿ ಬೆರೆಸಿದ ಮಾಲು. ನಾನು ವೃತ್ತಿಯಿಂದ ಗುರುತಿಸಬಲ್ಲೆ, ಎಲ್ಲರಿಗೂ ಆಗಬೇಕೆಂದಿಲ್ಲ. ಕಂಪನಿ ತಾನೇ ಬುಷ್ ಮಾರದೆ ಇದ್ದಾಗ ಮಾಲೀಕ ಹೀಗೆ ಉಗುರಿನ ಪರೀಕ್ಷೆಗೆ ಬೀಳುತ್ತಾನೆ, ನಕಲಿ ಮಾಲಿಗೆ ಅದೇ ಬಾಗಿಲು.

ಇದು ಹೊಸ ದೂರೇನೂ ಅಲ್ಲ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ ಹದಿನಾಲ್ಕು ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತ್ತು. ಅಸಲಿ ಬಿಡಿಭಾಗ ಮತ್ತು ದೋಷ ಪತ್ತೆಯ ಉಪಕರಣಗಳನ್ನು ತಮ್ಮ ಡೀಲರುಗಳಾಚೆಗೆ ಬಿಡದೆ ಮಾರುಕಟ್ಟೆ ಕಟ್ಟಿಹಾಕಿದ್ದಾರೆ ಎಂಬುದು ಆಯೋಗದ ತೀರ್ಮಾನ. ಕಂಪನಿಗಳು ಮೇಲ್ಮನವಿಗೆ ಹೋದವು, ಪ್ರಕರಣ ವರ್ಷಗಟ್ಟಲೆ ಎಳೆಯಿತು. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿಯ ಹಕ್ಕು' ಎಂಬ ಪೋರ್ಟಲ್ ತೆರೆಯಿತು; ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಒಳ್ಳೆಯದೇ. ಆದರೆ ಪೋರ್ಟಲ್ ಒಂದು ಸೂಚನಾ ಫಲಕ, ಕಾನೂನಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2012ರಲ್ಲಿ ಮತದಾರರೇ ಓಟು ಹಾಕಿ ಕಾರು ರಿಪೇರಿಯ ಹಕ್ಕನ್ನು ಕಾನೂನು ಮಾಡಿಸಿಕೊಂಡರು. ಇಲ್ಲಿ ಚುನಾವಣೆಗೆ ಬೇರೆ ವಿಷಯಗಳು ಸಾಕಷ್ಟಿವೆ.

ಕೆಲಸವನ್ನು ಮನೆಯಲ್ಲೇ ಮಾಡಿದೆ. ಬಾಡಿಗೆ ಮನೆಯ ಕಂಬದಡಿಯ ಪಾರ್ಕಿಂಗ್, ಎರಡು ಭಾನುವಾರ, ದಿನಕ್ಕೆ ಒಂದು ಬದಿ. ಮೊದಲ ಭಾನುವಾರ ಕೆಳಗೆ ಮಲಗಿ ಬೋಲ್ಟಿಗೆ ಎಣ್ಣೆ ಬಿಡುತ್ತಿರುವಾಗ ಬಡಾವಣೆಯ ಸಂಘದ ಹಿರಿಯರೊಬ್ಬರು ಬಗ್ಗಿ ನೋಡಿ, 'ಇಂಜಿನಿಯರ್ ಸಾಬ್, ಮಿಸ್ತ್ರಿ ಕೋ ಬುಲಾ ಲೇತೇ' ಎಂದರು. ದುಡ್ಡಿನ ಅಡಚಣೆಯೇನೋ ಎಂಬ ಅನುಕಂಪ ದನಿಯಲ್ಲಿತ್ತು. ಇಂಜಿನಿಯರ್ ಎಂಬವನ ಕೈಗೆ ಗ್ರೀಸ್ ಮೆತ್ತಿದರೆ ನೋಡುವವರಿಗೆ ಮುಜುಗರವಾಗುವ ದೇಶ ನಮ್ಮದು. ಊರಲ್ಲೂ ಹೀಗೆಯೇ, ಇಲ್ಲಿ ಸ್ವಲ್ಪ ಹೆಚ್ಚು.

ಮಾಡಬೇಕೆಂದಿರುವವರಿಗೆ ಮುಖ್ಯವಾದ ನಾಲ್ಕು ಮಾತು ಹೇಳಿಬಿಡುತ್ತೇನೆ. ಗಾಡಿಯನ್ನು ಜ್ಯಾಕಿನ ಮೇಲೆ ನಿಲ್ಲಿಸಿ ಕೆಳಗೆ ಹೋಗಬಾರದು. ಚಾಸಿಸ್ಸಿನ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಡಬೇಕು, ಇಟ್ಟಿಗೆ ಅಲ್ಲ. ಇಟ್ಟಿಗೆ ಭಾರಕ್ಕೆ ಬಾಗುವುದಿಲ್ಲ, ಸೂಚನೆ ಕೊಡದೆ ಒಡೆಯುತ್ತದೆ. ಸ್ಪ್ರಿಂಗಿನ ವಿಷಯ ಇನ್ನೂ ಗಂಭೀರ. ನನ್ನ ಗಾಡಿಯಲ್ಲಿ ಸ್ಪ್ರಿಂಗು ಶಾಕ್ ಅಬ್ಸಾರ್ಬರಿನ ಜೊತೆ ಒಂದೇ ಜೋಡಣೆಯಾಗಿದೆ, ಮೇಲಿನ ನಡುನಟ್ಟು ಮುಟ್ಟದಿದ್ದರೆ ಅಪಾಯವಿಲ್ಲ. ಟಾರ್ಷನ್ ಬಾರ್ ಇರುವ ಪಿಕಪ್ಪಾದರೆ ಮೊದಲು ಅದರ ಬಿಗಿ ಇಳಿಸಬೇಕು. ಆರ್ಮಿನ ಮೇಲೆ ಸ್ಪ್ರಿಂಗು ಬಿಡಿಯಾಗಿ ಕೂತಿರುವ ಗಾಡಿಯಾದರೆ ಮನೆಯಲ್ಲಿ ಕೈಹಾಕಬೇಡಿ; ಒತ್ತಡದಲ್ಲಿರುವ ಸ್ಪ್ರಿಂಗು ಹಾರಿದರೆ ಪ್ರಾಣಕ್ಕೇ ಬರುತ್ತದೆ.

ಆರ್ಮು ಹಿಡಿದಿರುವ ಬೋಲ್ಟುಗಳಿಗೆ ಅಲೈನ್‌ಮೆಂಟ್ ಹೊಂದಿಸುವ ಕ್ಯಾಮ್ ಇದ್ದರೆ ಬಿಚ್ಚುವ ಮುಂಚೆ ಬಣ್ಣದಿಂದ ಗುರುತು ಮಾಡಿಕೊಳ್ಳಬೇಕು. ಹಳೆಯ ಬುಷ್ ತೆಗೆಯಲು ಕೆಲವರು ರಬ್ಬರಿಗೆ ಬೆಂಕಿ ಕೊಡುತ್ತಾರೆ. ಆ ಹೊಗೆ ಕುಡಿಯುವುದಕ್ಕಿಂತ ಒತ್ತಿ ತೆಗೆಯುವುದೇ ಸರಿ. ದಪ್ಪ ಮರೆಯ ಕಡ್ಡಿ, ಎರಡು ನಟ್ಟು, ಅಳತೆಗೆ ಸಿಕ್ಕ ಪೈಪಿನ ತುಂಡುಗಳಿಂದ ಮನೆಯಲ್ಲೇ ಒತ್ತುವ ಸಾಧನ ಮಾಡಿಕೊಳ್ಳಬಹುದು. ನಾನು ಆರ್ಮನ್ನು ಕಳಚಿ ಎನ್‌ಐಟಿಯ ಒಂದು ಲೇತ್ ಅಂಗಡಿಗೆ ಒಯ್ದೆ, ಅವರ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಹತ್ತು ನಿಮಿಷದ ಕೆಲಸ. ಕೆಲವು ಬುಷ್‌ಗಳ ರಬ್ಬರಿನಲ್ಲಿ ಬೇಕೆಂದೇ ಬಿಟ್ಟ ತೂತುಗಳಿರುತ್ತವೆ, ಅವು ಯಾವ ದಿಕ್ಕಿಗಿದ್ದವೋ ಅದೇ ದಿಕ್ಕಿಗೆ ಹೊಸದೂ ಕೂರಬೇಕು. ಒತ್ತುವಾಗ ಜಾರಲು ಸೋಪಿನ ನೀರು ಸಾಕು, ಗ್ರೀಸ್ ಬೇಡ. ಎಣ್ಣೆ ಈ ರಬ್ಬರಿಗೆ ವಿಷ ಎಂದು ಆಗಲೇ ಹೇಳಿದೆನಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಬಿಗಿ. ಆರ್ಮಿನ ಬೋಲ್ಟುಗಳನ್ನು ಚಕ್ರ ಗಾಳಿಯಲ್ಲಿ ತೂಗಾಡುತ್ತಿರುವಾಗ ಪೂರ್ತಿ ಬಿಗಿಯಬಾರದು. ಬುಷ್ ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ ಎಂದು ಹೇಳಿದ್ದು ಇದಕ್ಕೇ. ಆರ್ಮು ಕೆಳಗೆ ಜೋತಿರುವಾಗ ಬಿಗಿದರೆ ರಬ್ಬರಿಗೆ ಅದೇ ನೆಟ್ಟಗಿನ ಸ್ಥಿತಿಯಾಗುತ್ತದೆ. ಗಾಡಿ ನೆಲಕ್ಕಿಳಿದ ಕ್ಷಣದಿಂದ ಅದು ಹಿಂಡಿದ ಒದ್ದೆ ಬಟ್ಟೆಯಂತೆ ಸದಾ ತಿರುಚಿಕೊಂಡೇ ಬದುಕಬೇಕು. ಅಂಥ ಬುಷ್ ಬೇಗನೆ ಹರಿಯುತ್ತದೆ. ಬೋಲ್ಟುಗಳನ್ನು ಕೈಬಿಗಿಯಲ್ಲಿಟ್ಟು, ಚಕ್ರ ಹಾಕಿ, ಗಾಡಿ ತನ್ನ ಭಾರದಲ್ಲಿ ಕೂತ ಮೇಲೆ ಟಾರ್ಕ್ ರೆಂಚಿನಿಂದ ಹೇಳಿದ ಅಳತೆಗೆ ಬಿಗಿಯಬೇಕು. ಲಿಫ್ಟಿನ ಮೇಲೆಯೇ ಗನ್ ಹಿಡಿದು ಬಿಗಿದು ಕಳಿಸುವ ಗ್ಯಾರೇಜುಗಳು ಸಾಕಷ್ಟಿವೆ. ಬುಷ್ ಹಾಕಿಸಿದೆ, ವರ್ಷ ಬಾಳಲಿಲ್ಲ, ಮಾಲು ಸರಿಯಿಲ್ಲ ಎಂದು ದೂರುವವರು ನನ್ನ ಕಚೇರಿಯಲ್ಲೇ ಇದ್ದಾರೆ. ಬಹಳ ಸಲ ಕೆಟ್ಟದ್ದು ಮಾಲಲ್ಲ, ಬಿಗಿದ ಭಂಗಿ. ಆಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು, ಗುರುತು ಎಷ್ಟೇ ಚೆನ್ನಾಗಿ ಮಾಡಿಕೊಂಡಿದ್ದರೂ.

ಒಟ್ಟು ಖರ್ಚು: ಬುಷ್ ಎರಡು ಸಾವಿರದ ಆರುನೂರು, ಪ್ರೆಸ್ಸಿಗೆ ನಾಲ್ಕು ನೂರು, ಅಲೈನ್‌ಮೆಂಟಿಗೆ ಆರುನೂರು. ಇಪ್ಪತ್ತನಾಲ್ಕು ಸಾವಿರದ ಎದುರು ಮೂರು ಸಾವಿರದ ಆರುನೂರು. ನನ್ನ ಎರಡು ಭಾನುವಾರಗಳಿಗೆ ಬೆಲೆ ಕಟ್ಟಿದರೆ ಲಾಭ ಕಡಿಮೆಯೇ ಆದೀತು, ಆದರೆ ನನ್ನ ಭಾನುವಾರಕ್ಕೆ ಬೇರೆ ಯಾರೂ ದುಡ್ಡು ಕೊಡುವುದಿಲ್ಲ.

ಲೇತ್ ಅಂಗಡಿಯವರ ಬಗ್ಗೆ ಒಂದು ಮಾತು. ಅವರ ಅಜ್ಜ ಬನ್ನುವಿನಿಂದ ಬಂದವರು. ದೇಶ ವಿಭಜನೆಯಾದಾಗ ವಾಯವ್ಯ ಗಡಿ ಪ್ರಾಂತ್ಯದಿಂದ ಬಂದ ನಿರಾಶ್ರಿತರಿಗಾಗಿ 1949ರ ಹೊತ್ತಿಗೆ ಎದ್ದದ್ದು ಫರೀದಾಬಾದಿನ ಈ ಹೊಸ ಕೈಗಾರಿಕಾ ಪಟ್ಟಣ. ಎನ್‌ಐಟಿ ಎಂದು ಇವತ್ತಿಗೂ ಕರೆಯುತ್ತಾರೆ. ಮನೆಗಳನ್ನು ಗುತ್ತಿಗೆದಾರರಿಂದ ಕಟ್ಟಿಸಿ ಕೊಡುವುದರ ಬದಲು ನಿರಾಶ್ರಿತರೇ ಸಹಕಾರಿ ಸಂಘ ಮಾಡಿಕೊಂಡು ಕಟ್ಟಲಿ ಎಂದು ಹಟ ಹಿಡಿದವರಲ್ಲಿ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರೂ ಅವರ ಇಂಡಿಯನ್ ಕೋಆಪರೇಟಿವ್ ಯೂನಿಯನ್ನಿನ ಗೆಳೆಯರೂ ಇದ್ದರು. ಅವರಲ್ಲೊಬ್ಬರಾದ ಎಲ್.ಸಿ. ಜೈನ್ ಆ ಕತೆಯನ್ನು 'ದಿ ಸಿಟಿ ಆಫ್ ಹೋಪ್' ಎಂಬ ಪುಸ್ತಕದಲ್ಲಿ ಬರೆದಿದ್ದಾರೆ. ಇಟ್ಟಿಗೆ ಹೊತ್ತು ಅಭ್ಯಾಸವಿಲ್ಲದ ಜನ ಇಟ್ಟಿಗೆ ಹೊತ್ತರು. ಕರಕುಶಲ ಕಲೆ ಎಂದಾಗ ಕಮಲಾದೇವಿಯವರನ್ನು ನೆನೆಯುವ ನಾವು, ದೆಹಲಿಯ ಮಗ್ಗುಲಿನ ಈ ಧೂಳಿನ ಪಟ್ಟಣದಲ್ಲಿ ಅವರ ಪಾಲು ಇದೆ ಎಂಬುದನ್ನು ಹೇಳಿಕೊಳ್ಳುವುದು ಕಡಿಮೆ. ಬಾಟಾ ಚೌಕದ ಮೆಟ್ರೊ ನಿಲ್ದಾಣದಲ್ಲಿ ಇಳಿಯುವ ಕನ್ನಡಿಗರಿಗೆ ಗೊತ್ತಿರಲಿ.

ಆಮೇಲೆ ಇಲ್ಲಿ ಟ್ರ್ಯಾಕ್ಟರ್ ಬಂತು, ಎಸ್ಕಾರ್ಟ್ಸ್‌ನವರ ರಾಜದೂತ್ ಮೋಟಾರ್‌ಸೈಕಲ್ ಬಂತು. ಅತ್ತ ಮೈಸೂರಿನ ಜಾವಾ, ಇತ್ತ ಫರೀದಾಬಾದಿನ ರಾಜದೂತ್. ಎರಡನ್ನೂ ಮರದ ಕೆಳಗೆ ಕೂತು, ನಾಲ್ಕು ಸ್ಪ್ಯಾನರಿನಲ್ಲಿ ಬಿಚ್ಚಿ ಜೋಡಿಸುತ್ತಿದ್ದರು. ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ಎರಡೂ ಹೊಗೆ ಉಗುಳುವುದರಲ್ಲಿ ಎತ್ತಿದ ಕೈ. ಆದರೆ ಬುಷ್ ಕೇಳಿದರೆ ಬುಷ್ ಕೊಡುತ್ತಿದ್ದರು.

ನೀವೇ ಮಾಡಿಕೊಂಡರೆ ಬಡ ಮೆಕ್ಯಾನಿಕ್ ಏನು ಮಾಡಬೇಕು ಎಂದು ಒಬ್ಬ ಗೆಳೆಯ ಕೇಳಿದ. ನ್ಯಾಯವಾದ ಪ್ರಶ್ನೆ. ನಾನು ನೋಡಿದ ಮಟ್ಟಿಗೆ ಬೀದಿ ಮೆಕ್ಯಾನಿಕ್‌ನ ಕೆಲಸ ಕಸಿಯುತ್ತಿರುವುದು ಭಾನುವಾರದ ನನ್ನಂಥವರಲ್ಲ, ಇಡೀ ಜೋಡಣೆ ಮಾರುವ ಪದ್ಧತಿ. ಬುಷ್ ಒತ್ತಲು ಲೇತ್ ಬೇಕು, ಪ್ರೆಸ್ ಬೇಕು, ಕೈಚಳಕ ಬೇಕು. ಆರ್ಮನ್ನೇ ಬದಲಿಸಲು ನಾಲ್ಕು ಬೋಲ್ಟು ಬಿಚ್ಚಲು ಬರುವ ಹುಡುಗ ಸಾಕು. ಕೌಶಲ ಪಟ್ಟಣದಿಂದ ಕಂಪನಿಯ ಪೊಟ್ಟಣದೊಳಗೆ ಹೋಗುತ್ತದೆ. ಲೇತ್ ಅಂಗಡಿಯವರ ಮಗ ಈಗ ಆ ಕೆಲಸ ಬಿಟ್ಟು ಡೆಲಿವರಿಗೆ ಓಡಾಡುತ್ತಾನೆ.

ಈಗ ಮೊದಲಿನ ಮಾತಿಗೆ. 'ಹತ್ತು ವರ್ಷ ಆಗುತ್ತಾ ಬಂತು, ಯಾಕೆ ದುಡ್ಡು ಹಾಕುತ್ತೀರಿ' ಎಂಬುದು ಆ ಸಲಹೆಗಾರನೊಬ್ಬನ ಮಾತಲ್ಲ. ಎಂಟನೇ ವರ್ಷ ದಾಟಿದ ಡೀಸೆಲ್ ಗಾಡಿ ಇರುವ ಪರಿಚಿತರೆಲ್ಲರ ಬಾಯಲ್ಲೂ ಇದನ್ನು ಕೇಳಿದ್ದೇನೆ. ಒಬ್ಬರು ಟೈರು ಬದಲಿಸುವುದಿಲ್ಲ. ಇನ್ನೊಬ್ಬರ ಬ್ರೇಕ್ ಡಿಸ್ಕಿಗೆ ಅಂಚು ಬಿದ್ದಿದೆ, ಪ್ಯಾಡ್ ಮಾತ್ರ ಹಾಕಿಸಿ ಓಡಿಸುತ್ತಾರೆ. ನಿಶ್ಚಿತ ದಿನದಂದು ಗಾಡಿ ಸಾಯುತ್ತದೆ ಎಂದು ಕಾನೂನೇ ಹೇಳಿದ ಮೇಲೆ ಕೊನೆಯ ಎರಡು ವರ್ಷ ಅದಕ್ಕೆ ಔಷಧಿ ಕೊಡುವವರು ಯಾರು? ಗಾಳಿ ಶುದ್ಧವಾಗಲಿ ಎಂದು ಮಾಡಿದ ನಿಯಮ, ರಸ್ತೆಯ ಮೇಲೆ ಆರೈಕೆಯಿಲ್ಲದ ಗಾಡಿಗಳ ಒಂದು ತಂಡವನ್ನೇ ಸಾಕುತ್ತಿದೆ. ಆರೈಕೆಯಿಲ್ಲದ ಡೀಸೆಲ್ ಎಂಜಿನ್ ಹೆಚ್ಚು ಹೊಗೆಯನ್ನೇ ಬಿಡುತ್ತದೆ ಎಂಬುದು ಬೇರೆ.

ಹೊಗೆಯ ಸಮಸ್ಯೆ ಸುಳ್ಳು ಎಂದಲ್ಲ. ನವೆಂಬರಿನಲ್ಲಿ ಇಲ್ಲಿ ಇದ್ದವರಿಗೆ ಅದನ್ನು ವಿವರಿಸಬೇಕಿಲ್ಲ. ನನ್ನ ಮಗಳ ಶಾಲೆ ಪ್ರತಿವರ್ಷ ಕೆಲವು ದಿನ ಆನ್‌ಲೈನಿಗೆ ಹೋಗುತ್ತದೆ. ಹಳೆಯ ಬಿಎಸ್-3 ಡೀಸೆಲ್‌ಗಳು ರಸ್ತೆಯಿಂದ ಹೋಗಬೇಕು, ಅದರಲ್ಲಿ ನನಗೆ ತಕರಾರಿಲ್ಲ. ವಯಸ್ಸಿನ ಮಿತಿಯನ್ನು ಸಮರ್ಥಿಸುವವರ ವಾದದಲ್ಲಿ ಒಂದು ಗಟ್ಟಿ ಅಂಶವೂ ಇದೆ: ನಮ್ಮಲ್ಲಿ ತಪಾಸಣೆಯನ್ನು ನಂಬುವಂತಿಲ್ಲ. ಹೊಗೆ ಪ್ರಮಾಣಪತ್ರ ಹೇಗೆ ಸಿಗುತ್ತದೆ ಎಂದು ಎಲ್ಲರಿಗೂ ಗೊತ್ತು. ದಿನಾಂಕಕ್ಕೆ ಲಂಚ ಕೊಡಲಾಗುವುದಿಲ್ಲ. ಒಪ್ಪುತ್ತೇನೆ. ಆದರೆ ತಪಾಸಣೆ ಕೆಟ್ಟಿದೆ ಎಂದು ತಪಾಸಣೆಯನ್ನೇ ಬಿಟ್ಟು ಕ್ಯಾಲೆಂಡರ್ ಹಿಡಿಯುವುದು, ಥರ್ಮಾಮೀಟರ್ ಸರಿಯಿಲ್ಲವೆಂದು ಅರವತ್ತು ದಾಟಿದವರನ್ನೆಲ್ಲ ಆಸ್ಪತ್ರೆಗೆ ಹಾಕಿದಂತೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ಸ್ಕ್ರ್ಯಾಪ್ ನೀತಿಯೇ ಖಾಸಗಿ ಗಾಡಿಗಳನ್ನು ವಯಸ್ಸಿನಿಂದಲ್ಲ, ಫಿಟ್‌ನೆಸ್ ಪರೀಕ್ಷೆಯಿಂದ ಅಳೆಯಬೇಕು ಎನ್ನುತ್ತದೆ. ಸ್ವಯಂಚಾಲಿತ ತಪಾಸಣಾ ಕೇಂದ್ರಗಳು ಬರುತ್ತಿರುವುದೂ ಅದಕ್ಕೇ. ವಾಣಿಜ್ಯ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್ ಇದೆ. ಖಾಸಗಿ ಗಾಡಿಗೆ ಹದಿನೈದು ವರ್ಷ ಯಾರೂ ಕೆಳಗೆ ಬಗ್ಗಿ ನೋಡುವುದಿಲ್ಲ. ಐದನೇ ವರ್ಷದಿಂದಲೇ ಎರಡು ವರ್ಷಕ್ಕೊಮ್ಮೆ ಬ್ರೇಕು, ಸಸ್ಪೆನ್ಷನ್, ಹೊಗೆ ಮೂರನ್ನೂ ಯಂತ್ರದ ಮೇಲೆ ನೋಡಲಿ, ನಪಾಸಾದರೆ ನಿಲ್ಲಿಸಲಿ. ಹತ್ತು ವರ್ಷದವರೆಗೆ ಕಾಯುವುದೂ ಬೇಡ. ನನ್ನ ಗಾಡಿ ಆರನೇ ವರ್ಷಕ್ಕೇ ನಪಾಸಾಗಬಹುದಿತ್ತು. ಆಗಲಿ, ರಿಪೇರಿ ಮಾಡಿಸಿ ಮತ್ತೆ ತೋರಿಸುತ್ತಿದ್ದೆ.

ಜೊತೆಗೆ ಕಂಪನಿಗಳ ಮೇಲೆ ಎರಡು ಸಣ್ಣ ಕಟ್ಟಳೆ ಸಾಕು. ಸವೆಯುವಂಥ ರಬ್ಬರ್ ಭಾಗಗಳನ್ನು ಬೇರೆ ನಂಬರು ಕೊಟ್ಟು ಬಿಡಿಯಾಗಿ ಮಾರಬೇಕು. ಬೋಲ್ಟುಗಳನ್ನು ಎಷ್ಟು ಬಿಗಿಯಬೇಕು ಎಂಬ ಅಳತೆಯನ್ನು ಮಾಲೀಕರ ಕೈಪಿಡಿಯಲ್ಲಿ ಮುದ್ರಿಸಬೇಕು. ಈಗಿನ ಕೈಪಿಡಿಯಲ್ಲಿ ಬ್ಲೂಟೂತ್ ಜೋಡಿಸುವ ವಿಧಾನಕ್ಕೆ ಆರು ಪುಟ ಇದೆ, ಸಸ್ಪೆನ್ಷನ್ನಿಗೆ ಒಂದು ಸಾಲು: ಅಧಿಕೃತ ಡೀಲರನ್ನು ಸಂಪರ್ಕಿಸಿ.

ಹೊರನಾಡಿನ ಕನ್ನಡಿಗರಿಗೂ ಊರಲ್ಲಿರುವ ಅವರ ತಮ್ಮಂದಿರಿಗೂ ಇದರಲ್ಲಿ ಇನ್ನೊಂದು ಪಾಲಿದೆ. ಇಲ್ಲಿ ಬೆಲೆ ಬಿದ್ದ ಗಾಡಿಗಳು ಎನ್‌ಒಸಿ ತೆಗೆದುಕೊಂಡು ದಕ್ಷಿಣಕ್ಕೆ ಹೋಗುತ್ತವೆ. 'ಡೆಲ್ಲಿ ಗಾಡಿ, ಕಡಿಮೆಗೆ ಸಿಕ್ಕಿತು' ಎಂಬ ಮಾತು ಹುಬ್ಬಳ್ಳಿಯಲ್ಲೂ ಮಂಗಳೂರಿನಲ್ಲೂ ಕೇಳಿದ್ದೇನೆ. ಕೊಳ್ಳುವವರು ಮೀಟರ್ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಎಂಜಿನ್ ಸದ್ದು ಕೇಳುತ್ತಾರೆ. ಕೊನೆಯ ಎರಡು ವರ್ಷ ಆರೈಕೆ ಸಿಗದ ಗಾಡಿ ಅದು ಎಂಬುದು ಹೊಳೆಯುವುದಿಲ್ಲ. ಕೊಳ್ಳುವ ಮುಂಚೆ ಮುಂದಿನ ಟೈರುಗಳ ಒಳ ಅಂಚನ್ನು ಕೈಯಿಂದ ಸವರಿ ನೋಡಿ. ಖಾಲಿ ರಸ್ತೆಯಲ್ಲಿ ಮೂವತ್ತರ ವೇಗದಲ್ಲಿ ಬ್ರೇಕ್ ಒತ್ತಿ, ಯಾವ ಕಡೆಗೆ ಎಳೆಯುತ್ತದೆ ನೋಡಿ. ಸಾಧ್ಯವಾದರೆ ಲಿಫ್ಟಿಗೇರಿಸಿ, ಸಬ್ಬಲಿನಂಥ ಕಬ್ಬಿಣದಿಂದ ಆರ್ಮನ್ನು ಮೆಲ್ಲಗೆ ಮೀಟಿಸಿ ಬುಷ್ ಬಾಯಿ ಬಿಡುತ್ತದೆಯೇ ನೋಡಿ. ಬಿಟ್ಟರೆ ಗಾಡಿ ಬೇಡವೆನ್ನಬೇಕಿಲ್ಲ, ಬೆಲೆ ಇಳಿಸಿ. ಶಿರಾಡಿಯೋ ಚಾರ್ಮಾಡಿಯೋ ಇಳಿಯುವ ಮುಂಚೆ ಮಾತ್ರ ಹಾಕಿಸಿಕೊಳ್ಳಿ.

ನನ್ನ ಪಿಕಪ್ ಈಗ ಸದ್ದಿಲ್ಲದೆ ಓಡುತ್ತಿದೆ. ರಾಜ್ಯೋತ್ಸವಕ್ಕೆ ರಾಮಕೃಷ್ಣಪುರದ ಕರ್ನಾಟಕ ಸಂಘಕ್ಕೆ ಸಾಮಾನು ಸಾಗಿಸುವ ಕೆಲಸ ಈ ವರ್ಷವೂ ಅದರದ್ದೇ. ಕೋರ್ಟಿನ ಮುಂದಿನ ದಿನಾಂಕ ಏನೇ ತರಲಿ, ಹಿಂದಿನ ಲೀಫ್ ಸ್ಪ್ರಿಂಗಿನ ಶ್ಯಾಕಲ್ ಬುಷ್‌ಗಳು ಇನ್ನೂ ಬಾಕಿ ಇವೆ. ಅವನ್ನು ಬಿಸಿಲು ಏರುವ ಮುಂಚೆ ಮುಗಿಸಬೇಕು; ಮೇ ತಿಂಗಳಲ್ಲಿ ಇಲ್ಲಿ ಸ್ಪ್ಯಾನರ್ ಬರಿಗೈಯಲ್ಲಿ ಹಿಡಿಯಲಾಗುವುದಿಲ್ಲ.